ತೂತಿನ ಡಿಸ್ಕೋ, ಗೀರಿನ ಡಿಸ್ಕೋ

ಜೋರಾಗಿ ಓಡುವ ಕಾರು ಇಟ್ಟುಕೊಂಡವರು ಎಂಜಿನ್ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು ಅನ್ನುವುದು ಎಲ್ಲರಿಗೂ ಬಾಯಿಪಾಠ. ನೂರರಿಂದ ಸೊನ್ನೆಗೆ ಬರಲು ಎಷ್ಟು ದೂರ ಬೇಕು ಅಂತ ಕೇಳಿ ನೋಡಿ, ಮಾತು ಬೇರೆ ಕಡೆ ತಿರುಗುತ್ತದೆ. ಬ್ರೇಕಿನ ನೆನಪಾಗುವುದು ಅದು ಕಿರುಚಿದಾಗಲೇ.

ನಮ್ಮ ಕಾರೂ ಕಿರುಚಿತು. ಮುಂದಿನ ಚಕ್ರದಿಂದ ಕೀ ಅಂತ ಉದ್ದಕ್ಕೆ ಒಂದು ಸದ್ದು. ರೇಡಿಯೋ ಜೋರು ಮಾಡಿದರೆ ಕೇಳಿಸಲ್ಲ ಅಂತ ಹೆಂಡತಿ ಪರಿಹಾರ ಹೇಳಿದಳು. ಆದರೆ ಆ ಸದ್ದು ಬರಲಿ ಅಂತಲೇ ಮಾಡಿಟ್ಟಿರುವುದು. ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆ ಡಿಸ್ಕ್, ಬ್ರೇಕ್ ಒತ್ತಿದಾಗ ಅದನ್ನು ಎರಡೂ ಕಡೆಯಿಂದ ಅದುಮಿ ಹಿಡಿಯುವುದು ಪ್ಯಾಡ್. ಪ್ಯಾಡ್ ಸವೆದು ತೆಳ್ಳಗಾದಾಗ ಡಿಸ್ಕಿಗೆ ತಾಗಿ ಕೂಗಲಿ ಅಂತ ಅದರ ಬೆನ್ನಿಗೆ ಒಂದು ಪುಟ್ಟ ತಗಡು ಕೂರಿಸಿರುತ್ತಾರೆ. ಅಷ್ಟೊಂದು ಸೆನ್ಸರು, ಅಷ್ಟು ದೊಡ್ಡ ಪರದೆ ಇರುವ ಕಾರಿನಲ್ಲಿ ಸರಿಯಾದ ಹೊತ್ತಿಗೆ ನಿಜ ಹೇಳಿದ್ದು ಆ ತಗಡು ಒಂದೇ.

ಮೆಕ್ಯಾನಿಕ್ ಚಕ್ರ ಬಿಚ್ಚಿ, ಡಿಸ್ಕಿನ ಮೇಲೆ ಬೆರಳಾಡಿಸಿ, "ಡಿಸ್ಕೂ ಹೋಗಿದೆ ಸಾರ್" ಅಂದರು. ನನ್ನ ಜೊತೆ ಗೆಳೆಯನೊಬ್ಬ ಬಂದಿದ್ದ. ಕಾರಿನ ವಿಷಯ ಅಂದರೆ ಕರೆಯದೇ ಬರುವ ಪೈಕಿ. ಅವನು ವರ್ನಿಯರ್ ಹಚ್ಚಿ ಅಳೆದು, ಇನ್ನೂ ದಪ್ಪ ಬೇಕಾದಷ್ಟಿದೆ, ಸುಮ್ನೆ ದುಡ್ಡು ಕೀಳುವ ಆಟ ಇದು ಅಂತ ನನ್ನ ಕಿವಿಯಲ್ಲಿ ಹೇಳಿದ. ಮೆಕ್ಯಾನಿಕ್ಕಿಗೂ ಕೇಳಿಸಿತು. "ನೀವು ಅಳೆದದ್ದು ಅಂಚು ಸಾರ್. ಅಲ್ಲಿ ಪ್ಯಾಡ್ ಮುಟ್ಟೋದೇ ಇಲ್ಲ" ಅಂದರು. ಅದೂ ನಿಜ. ಪ್ಯಾಡ್ ಉಜ್ಜುವ ಜಾಗ ಸವೆದು ತಗ್ಗಾಗುತ್ತದೆ, ಅಂಚು ಮಾತ್ರ ಹೊಸದರ ಹಾಗೇ ಉಳಿಯುತ್ತದೆ. ಕನಿಷ್ಠ ಎಷ್ಟು ದಪ್ಪ ಇರಬೇಕು ಅನ್ನುವುದನ್ನು ಡಿಸ್ಕಿನ ಮೇಲೇ ಬರೆದಿರುತ್ತಾರೆ. ಹೊಸ ಡಿಸ್ಕಿಗೂ ಗುಜರಿ ಡಿಸ್ಕಿಗೂ ಇರುವ ವ್ಯತ್ಯಾಸ ಸಾಮಾನ್ಯವಾಗಿ ಸುಮಾರು 2 ಮಿ.ಮೀ. ಅಷ್ಟೇ.

ಸರಿ, ಹೊಸದು ತರೋಣ ಅಂತ ಹೊರಟರೆ ಅಳತೆಯೇ ಮೊದಲ ತಕರಾರು. ಇದೇ ಮಾಡೆಲ್, ಇದೇ ವರ್ಷ, ಇದೇ ಎಂಜಿನ್ ಅಂತ ಒತ್ತಿದರೂ ಕ್ಯಾಟಲಾಗು 312 ಮಿ.ಮೀ. ಡಿಸ್ಕೋ 340 ಮಿ.ಮೀ. ಡಿಸ್ಕೋ ಅಂತ ನಮ್ಮನ್ನೇ ಕೇಳುತ್ತದೆ. ಗೊತ್ತಿದ್ದರೆ ನಿನ್ನ ಹತ್ತಿರ ಯಾಕೆ ಬರುತ್ತಿದ್ದೆ? ಕೊನೆಗೆ ಷಾಸಿ ನಂಬರ್ ಕೊಟ್ಟರೆ ಮಾತ್ರ ನಂಬಿಕೆಯ ಉತ್ತರ ಸಿಗುತ್ತದೆ. ಗೆಳೆಯನ ಸಲಹೆ ಇನ್ನೂ ಸುಲಭದ್ದು. ದೊಡ್ಡದು ತಗೋ, ದೊಡ್ಡದು ಯಾವತ್ತೂ ಒಳ್ಳೆಯದು ಅಂದ. ದೊಡ್ಡ ಡಿಸ್ಕಿಗೆ, ಪ್ಯಾಡುಗಳನ್ನು ಹಿಡಿದು ಒತ್ತುವ ಕ್ಯಾಲಿಪರ್ ಕೂರುವ ಬ್ರಾಕೆಟ್ ಬದಲಾಗಬೇಕು, ಆಮೇಲೆ ಕ್ಯಾಲಿಪರ್ ಚಕ್ರದ ಒಳಗೆ ಹಿಡಿಯಬೇಕು, ಹಿಡಿಯದಿದ್ದರೆ ಚಕ್ರ ದೊಡ್ಡದಾಗಬೇಕು, ಚಕ್ರ ಬದಲಾದರೆ ಟೈರೂ ಬೇಕು. ಪ್ಯಾಡ್ ತರಲು ಹೋದವನು ಹೀಗೆಯೇ ಸಾಲ ಮಾಡಿಕೊಂಡು ಬರುವುದು.

ಅಳತೆ ಮುಗಿಯಿತು ಅಂದುಕೊಂಡರೆ ತೂತಿನ ಪ್ರಶ್ನೆ ಕಾದಿತ್ತು. ಸಾದಾ ಡಿಸ್ಕ್ ಇದೆ, ಮುಖದ ತುಂಬ ತೂತು ಕೊರೆದದ್ದಿದೆ, ಉದ್ದುದ್ದ ಗೀರು ಎಳೆದದ್ದಿದೆ, ಎರಡೂ ಇರುವುದೂ ಇದೆ. ತೂತಿನದ್ದು ನೋಡಲು ಎಷ್ಟು ಚೆಂದ ಅಂತೀರಿ! ಚಕ್ರದ ಸಂದಿನಿಂದ ಹೊಳೆಯುತ್ತಾ ಕಂಡರೆ ನಿಂತ ಕಾರೂ ಓಡುತ್ತಿದೆ ಅನಿಸುತ್ತದೆ. "ಫಾರ್ಮುಲಾ ಒನ್ ಕಾರಿಗೇ ಸಾವಿರ ತೂತು ಇರುತ್ತೆ ಕಣೋ" ಅಂತ ಗೆಳೆಯ. ಇರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಅದು ಕಾರ್ಬನ್ ಡಿಸ್ಕ್, ತೂತು ಇರುವುದು ಹೊರಗಿನ ಅಂಚಿನಿಂದ ಒಳಕ್ಕೆ, ಗಾಳಿ ಹಾಯಲಿ ಅಂತ. ಪ್ಯಾಡ್ ಉಜ್ಜುವ ಮುಖದ ಮೇಲೆ ಅಲ್ಲ. ನಮ್ಮದು ಬೀಡು ಕಬ್ಬಿಣ. ಕಬ್ಬಿಣದ ಮುಖದಲ್ಲಿ ತೂತು ಕೊರೆದು, ಕೆಂಪಗೆ ಕಾಯಿಸಿ, ತಣಿಸಿ, ಮತ್ತೆ ಕಾಯಿಸುತ್ತಾ ಹೋದರೆ ಮೊದಲ ಬಿರುಕು ಶುರುವಾಗುವುದು ಆ ತೂತಿನ ಅಂಚಿನಲ್ಲೇ.

ಹಾಗಾದರೆ ತೂತು ಬಂದದ್ದು ಯಾಕೆ ಅಂದರೆ, ಅದಕ್ಕೊಂದು ನ್ಯಾಯವಾದ ಕಾರಣ ಇತ್ತು. ಹಿಂದಿನ ಕಾಲದ ಪ್ಯಾಡುಗಳು ಕಾದಾಗ ಅವುಗಳ ಅಂಟು ಸುಟ್ಟು ಅನಿಲ ಬರುತ್ತಿತ್ತು. ಅದು ಪ್ಯಾಡಿಗೂ ಡಿಸ್ಕಿಗೂ ನಡುವೆ ಸಿಕ್ಕಿಕೊಂಡರೆ ಹಿಡಿತ ತಪ್ಪುತ್ತಿತ್ತು, ಹೊರಗೆ ಹೋಗಲು ದಾರಿ ಬೇಕಿತ್ತು. ಈಗಿನ ಪ್ಯಾಡುಗಳಲ್ಲಿ ಆ ಕಾಟ ಬಹಳ ಕಡಿಮೆ. ತೂತಿನಿಂದ ತೂಕ ಒಂದಿಷ್ಟು ಇಳಿಯುತ್ತದೆ, ಮಳೆಯಲ್ಲಿ ನೀರು ಬೇಗ ಸರಿಯುತ್ತದೆ, ಉಳಿದದ್ದು ಅಲಂಕಾರ. ಗೀರು ಎಳೆದ ಡಿಸ್ಕಿಗೆ ಬಿರುಕಿನ ಭಯ ಕಡಿಮೆ, ಪ್ಯಾಡಿನ ಮುಖವನ್ನೂ ಕೆರೆದು ಚೊಕ್ಕಟ ಮಾಡುತ್ತದೆ. ಜೊತೆಗೆ ಪ್ಯಾಡನ್ನು ಬೇಗ ತಿನ್ನುತ್ತದೆ, ಬ್ರೇಕ್ ಒತ್ತಿದಾಗ ಗುರ್ ಅನ್ನುತ್ತದೆ. ಇನ್ನು ಕಾರ್ಬನ್ ಸೆರಾಮಿಕ್ ಡಿಸ್ಕ್. ಪೋರ್ಷೆಯವರು 2001ರಲ್ಲೇ 911 ಜಿಟಿ2ಗೆ ಹಾಕಿ ತೋರಿಸಿದರು. ಕಬ್ಬಿಣದ ಅರ್ಧದಷ್ಟು ತೂಕ, ತುಕ್ಕಿಲ್ಲ, ಕಪ್ಪು ಪುಡಿ ಬಹಳ ಕಡಿಮೆ. ಬೆಲೆ ನೋಡಿ ನಾನು ಆ ಪುಟವನ್ನೇ ಮುಚ್ಚಿದೆ, ಹೆಂಡತಿ ಹಿಂದೆಯೇ ನಿಂತಿದ್ದಳು.

ಚೆಂದಕ್ಕೂ ವಿವೇಕಕ್ಕೂ ರಾಜಿಯಾಗಿ ಗೀರಿನ ಡಿಸ್ಕ್ ಆರ್ಡರ್ ಆಯಿತು. ಈ ಡಿಸ್ಕಿನ ಎರಡು ಮುಖಗಳ ನಡುವೆ ಗಾಳಿಗೆ ಸಂದು ಇರುತ್ತದೆ, ಸಂದಿನ ಗೋಡೆಗಳು ಬಾಗಿರುತ್ತವೆ. ಚಕ್ರ ತಿರುಗಿದಾಗ ಅವು ನಡುವಿನಿಂದ ಗಾಳಿ ಎಳೆದು ಹೊರಕ್ಕೆ ತಳ್ಳುತ್ತವೆ. ಕಾರು ಮುಂದೆ ಹೋಗುವಾಗ ಆ ಗೋಡೆಗಳು ಹಿಂದಕ್ಕೆ ವಾಲಿರಬೇಕು. ಹಾಗಾಗಿ ಎಡಕ್ಕೆ ಬೇರೆ, ಬಲಕ್ಕೆ ಬೇರೆ. ಜನ ಮೇಲಿನ ಗೀರು ನೋಡಿ ಇದು ಈ ಕಡೆದು, ಅದು ಆ ಕಡೆದು ಅಂತ ತೀರ್ಪು ಕೊಡುತ್ತಾರೆ. ದಿಕ್ಕು ಹೇಳುವುದು ಒಳಗಿನ ಗೋಡೆ, ಗೀರಲ್ಲ. ನಮಗೆ ಬಂದ ಪೆಟ್ಟಿಗೆಯಲ್ಲಿ ಈ ಚರ್ಚೆಗೆ ಜಾಗವೇ ಇರಲಿಲ್ಲ. ಎರಡೂ ಎಡಗಡೆಯವೇ ಇದ್ದವು. ಫೋನ್ ಮಾಡಿದರೆ, "ಎರಡೂ ಒಂದೇ ಸಾರ್, ತಿರುಗಿಸಿ ಹಾಕಿ" ಅಂದರು. ತಿರುಗಿಸಿ ಹಾಕಿದರೆ ಡಿಸ್ಕಿನ ಟೋಪಿ, ಅಂದರೆ ನಡುವಿನ ಉಬ್ಬು, ಹೊರಗೆ ನೋಡುವ ಬದಲು ಎಂಜಿನ್ ಕಡೆ ನೋಡುತ್ತದೆ ಸ್ವಾಮಿ! ನನ್ನ ಕಾರಿಗೆ ಇರುವುದು ಒಂದೇ ಎಡಗಡೆ ಅಂತ ಅವರನ್ನು ಒಪ್ಪಿಸುವಷ್ಟರಲ್ಲಿ ನನಗೇ ಅನುಮಾನ ಬರಲು ಶುರುವಾಗಿತ್ತು.

ಇಷ್ಟಾದರೂ ಡಿಸ್ಕ್ ಸುಲಭದ ಭಾಗ. ಪ್ಯಾಡ್ ಇದೆಯಲ್ಲ, ಅದು ನಮ್ಮ ಚರಿತ್ರೆ ಕೆದಕುತ್ತದೆ. ಯಾವ ಪ್ಯಾಡ್ ಒಳ್ಳೆಯದು ಅಂತ ಯಾರನ್ನು ಕೇಳಿದರೂ ಒಂದೇ ಮರುಪ್ರಶ್ನೆ. ಗಾಡಿ ಹೇಗೆ ಓಡಿಸ್ತೀರಿ? ಈ ಪ್ರಶ್ನೆಗೆ ನಿಜ ಹೇಳಿದ ಕಾರಿನ ಹುಚ್ಚನನ್ನು ನಾನಿನ್ನೂ ನೋಡಬೇಕು. "ಸ್ವಲ್ಪ ಜೋರಾಗಿ" ಅಂದೆ. "ಟ್ರ್ಯಾಕಿಗೆ ಹೋಗ್ತೀರಾ?" "ಹೋಗೋ ಯೋಚನೆ ಇದೆ." ಹೆಂಡತಿ ನಡುವೆ ಬಾಯಿ ಹಾಕಿ, "ಆಫೀಸಿಗೆ ಹೋಗ್ತಾರೆ, ವಾಪಸ್ ಬರ್ತಾರೆ. ದಾರಿ ಪೂರ್ತಿ ಟ್ರಾಫಿಕ್ಕು" ಅಂದಳು. ಮೆಕ್ಯಾನಿಕ್ ಬರೆದುಕೊಂಡದ್ದು ಅವಳು ಹೇಳಿದ್ದನ್ನು.

ಅವರು ಬರೆದುಕೊಂಡದ್ದೇ ಸರಿ ಅನ್ನಿ. ಗೆಳೆಯ ಮೆಚ್ಚುವ ಟ್ರ್ಯಾಕ್ ಪ್ಯಾಡ್ ಚೆನ್ನಾಗಿ ಕಾಯದೆ ಸರಿಯಾಗಿ ಹಿಡಿಯುವುದಿಲ್ಲ. ಕಾಯಬೇಕಾದರೆ ಮೇಲಿಂದ ಮೇಲೆ ಜೋರಾಗಿ ಬ್ರೇಕ್ ಒತ್ತಬೇಕು, ಟ್ರಾಫಿಕ್ಕಿನಲ್ಲಿ ಜೋರಾಗಿ ಒತ್ತುವಷ್ಟು ವೇಗವೇ ಬರುವುದಿಲ್ಲ. ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ, ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ ಅಂತಾರಲ್ಲ, ಅದೇ ಕಥೆ. ಬೆಳಿಗ್ಗೆ ಮೊದಲ ಬ್ರೇಕಿಗೆ ಎದೆ ಧಸಕ್ ಅನ್ನುತ್ತದೆ, ಸದ್ದು ಇಡೀ ಬೀದಿಗೆ ಕೇಳುತ್ತದೆ, ಡಿಸ್ಕ್ ಬೇಗ ಸವೆಯುತ್ತದೆ, ಚಕ್ರ ಸದಾ ಕಪ್ಪು. ಸೆರಾಮಿಕ್ ಪ್ಯಾಡ್ ಸದ್ದಿಲ್ಲದ, ಪುಡಿ ಕಡಿಮೆ ಇರುವ ಸಾಧು. ಸಾಧುವನ್ನು ಘಾಟಿಯ ಇಳಿಜಾರಿನಲ್ಲಿ ಜಾಸ್ತಿ ಪರೀಕ್ಷಿಸಬಾರದು. ನಡುವೆ, ರಸ್ತೆಗೆ ಅಂತಲೇ ಮಾಡಿದ, ಸ್ವಲ್ಪ ಗಟ್ಟಿ ಜಾತಿಯ ಪ್ಯಾಡುಗಳಿವೆ. ತಣ್ಣಗಿದ್ದಾಗಲೂ ಹಿಡಿಯುತ್ತವೆ, ಕಾದಾಗಲೂ ತಕ್ಷಣ ಕೈಕೊಡುವುದಿಲ್ಲ.

ಅನೇಕ ಪ್ಯಾಡುಗಳ ಅಂಚಿನಲ್ಲಿ ಎರಡು ಅಕ್ಷರ ಇರುತ್ತದೆ. ಎಫ್‌ಎಫ್, ಜಿಎಫ್, ಹೀಗೆ. ಮೊದಲನೆಯದು ಸಾಧಾರಣ ಬಿಸಿಯಲ್ಲಿ ಎಷ್ಟು ಹಿಡಿತ, ಎರಡನೆಯದು ಚೆನ್ನಾಗಿ ಕಾದಾಗ ಎಷ್ಟು. ಎಫ್ ಅಂದರೆ ಘರ್ಷಣೆಯ ಅಂಕ 0.35ರಿಂದ 0.45ರ ನಡುವೆ, ಜಿ ಅಂದರೆ 0.45ರಿಂದ 0.55. ಗೆಳೆಯ ಒಂದೊಂದೇ ಪ್ಯಾಡ್ ಎತ್ತಿ ಜಿ ಹುಡುಕುತ್ತಾ ಕೂತಿದ್ದ. ಅಷ್ಟು ಅಗಲದ ಪಟ್ಟಿಯೊಳಗೆ ಒಂದೇ ಅಕ್ಷರದ ಎರಡು ಪ್ಯಾಡು ಕಾಲಿಗೆ ಪೂರಾ ಬೇರೆಯಾಗಿ ತಾಗಬಹುದು. ಅಕ್ಷರಕ್ಕೆ ಅಷ್ಟು ಮರ್ಯಾದೆ ಬೇಡ.

ಇಷ್ಟೆಲ್ಲ ಗಲಾಟೆ ಸುಮ್ನೆ ಅಲ್ಲ ಅನ್ನುವುದಕ್ಕೆ ಒಂದು ಲೆಕ್ಕ. 1500 ಕೆ.ಜಿ. ಕಾರು ಗಂಟೆಗೆ 100 ಕಿ.ಮೀ. ವೇಗದಿಂದ ಪೂರ್ತಿ ನಿಂತರೆ ಸುಮಾರು 580 ಕಿಲೋಜೌಲ್ ಶಾಖ ಹುಟ್ಟುತ್ತದೆ. ಒಂದೂವರೆ ಲೀಟರಿಗಿಂತ ಜಾಸ್ತಿ ತಣ್ಣೀರು ಕುದಿ ಬರಲು ಅಷ್ಟು ಸಾಕು. ವೇಗ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ಅದರಲ್ಲಿ ದೊಡ್ಡ ಪಾಲು ಮುಂದಿನ ಎರಡು ಡಿಸ್ಕಿಗೆ. ಆ ಬಿಸಿ ಪ್ಯಾಡ್ ದಾಟಿ, ಪೆಡಲಿನ ಒತ್ತಡವನ್ನು ಪ್ಯಾಡಿಗೆ ಮುಟ್ಟಿಸುವ ಬ್ರೇಕ್ ಆಯಿಲ್ ತನಕ ಹೋಗುತ್ತದೆ. ಡಾಟ್ 4 ಅನ್ನುವ ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ತನಕ ಕುದಿಯಬಾರದು ಅನ್ನುವುದು ನಿಯಮ, ನೀರು ಹೀರಿಕೊಂಡು ಹಳೆಯದಾದ ಮೇಲೆ 155. ಕುದಿದರೆ ಪೈಪಿನಲ್ಲಿ ಗುಳ್ಳೆ, ಪೆಡಲ್ ನೇರ ಪಾತಾಳಕ್ಕೆ. ತೂತು, ಗೀರು ಅಂತ ತಲೆ ಕೆಡಿಸಿಕೊಂಡು ಹಳೇ ಆಯಿಲನ್ನೇ ಬಿಟ್ಟವರನ್ನು ಕಂಡರೆ ನನಗೆ ಅಯ್ಯೋ ಅನಿಸುತ್ತದೆ. ಆಯಿಲಿನ ನಂಬರಿನಲ್ಲೂ ಒಂದು ತಮಾಷೆ ಇದೆ. 5.1 ಅನ್ನುವುದು 4ರ ಸ್ವಂತ ಅಣ್ಣ, ಬೆರೆತರೂ ಜಗಳವಿಲ್ಲ. ನಡುವೆ ಕೂತ 5 ಮಾತ್ರ ಸಿಲಿಕೋನಿನದ್ದು, ಸಂಬಂಧಿಕನೇ ಅಲ್ಲ, ಬೆರೆಸಲೇಬಾರದು. ಈ ನಂಬರ್ ಇಟ್ಟ ಪುಣ್ಯಾತ್ಮರು ಯಾರೋ!

ಹಾಕುವ ಕೆಲಸದ ಬಗ್ಗೆ ಹೇಳುವುದು ಕಡಿಮೆ. ಡಿಸ್ಕ್ ಹಿಡಿದಿರುವ ಒಂದು ಪುಟ್ಟ ಸ್ಕ್ರೂ ಇದೆ, ತುಕ್ಕು ಹಿಡಿದು ಹಟ ಮಾಡಿತು, ಮೆಕ್ಯಾನಿಕ್ ಅದರ ವಂಶವನ್ನೆಲ್ಲ ನೆನೆದರು, ಬಂತು. ಡಿಸ್ಕ್ ಕೂರುವ ಹಬ್‌ನ ಮುಖದ ತುಕ್ಕನ್ನೂ ಉಜ್ಜಿ ತೆಗೆದರು. ಅಲ್ಲಿ ಒಂದು ಚೂರು ತುಕ್ಕು ಉಳಿದರೂ ಡಿಸ್ಕ್ ಓಲಾಡಿಕೊಂಡು ತಿರುಗುತ್ತದಂತೆ, ಆಮೇಲೆ ಬ್ರೇಕ್ ಒತ್ತಿದಾಗಲೆಲ್ಲ ಸ್ಟೇರಿಂಗ್ ನಡುಕ.

ಕೊನೆಯದಾಗಿ, ಹೊಸ ಪ್ಯಾಡನ್ನು ಡಿಸ್ಕಿಗೆ ಹೊಂದಿಸುವ ಶಾಸ್ತ್ರ. ನೂರರ ಆಸುಪಾಸಿಗೆ ಹೋಗಿ, ಗಟ್ಟಿಯಾಗಿ ಬ್ರೇಕ್ ಒತ್ತಿ ಇಪ್ಪತ್ತಕ್ಕೆ ಇಳಿಸಿ, ಪೂರ್ತಿ ನಿಲ್ಲಿಸದೆ ಮತ್ತೆ ಹೋಗಬೇಕು. ಹೀಗೆ ಮೇಲಿಂದ ಮೇಲೆ. ಆಗ ಪ್ಯಾಡಿನ ತೆಳು ಪದರ ಡಿಸ್ಕಿನ ಮೇಲೆ ಸಮನಾಗಿ ಕೂರುತ್ತದೆ. ಕಾದ ಡಿಸ್ಕ್ ಮೇಲೆ ಬ್ರೇಕ್ ಒತ್ತಿಕೊಂಡೇ ನಿಂತರೆ ಪ್ಯಾಡ್ ಇದ್ದ ಜಾಗದಲ್ಲಿ ಅದರ ಗುರುತು ಬೀಳುತ್ತದೆ. ಡಿಸ್ಕ್ ಬೆಂಡಾಗಿದೆ ಅಂತ ಜನ ಹೇಳುವ ನಡುಕ ಎಷ್ಟೋ ಸಲ ಇಂಥ ಗುರುತಿನದ್ದೇ. ಇದಕ್ಕೆ ಖಾಲಿ ರಸ್ತೆ ಬೇಕು, ಹಿಂದೆ ಯಾರೂ ಇರಬಾರದು. ಹೊರಡುವ ಹೊತ್ತಿಗೆ ಮಾವನವರು, ಅಂದರೆ ಹೆಂಡತಿಯ ತಂದೆ, ಅದೇ ದಾರಿಯಲ್ಲಿ ಕೆಲಸ ಇದೆ ಅಂತ ಕೂತುಬಿಟ್ಟರು. ಬೇಡ ಅನ್ನಲು ಆಗುತ್ತದೆಯೇ?

ಮೊದಲ ಬ್ರೇಕಿಗೆ ಅವರು ರಸ್ತೆಯಲ್ಲಿ ನಾಯಿ ಹುಡುಕಿದರು. ಆಮೇಲೆ ಹಿಡಿಕೆ ಹುಡುಕಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಳಿಯಂದಿರೇ, ಹೋಗೋದಾ ನಿಲ್ಲೋದಾ, ಒಂದು ತೀರ್ಮಾನಕ್ಕೆ ಬನ್ನಿ" ಅಂದರು. ಬ್ರೇಕ್ ಹೊಂದಿಸುತ್ತಿದ್ದೇನೆ ಅಂತ ವಿವರಿಸಿದೆ. ತಲೆಯಾಡಿಸಿದರು. ಅಷ್ಟರಲ್ಲಿ ವಾಸನೆ ಬಂತು.

"ಏನೋ ಸುಡ್ತಾ ಇದೆ."

"ಸುಡಬೇಕು ಮಾವ."

ಅದಾದ ಮೇಲೆ ಅವರು ಮಾತಾಡಲಿಲ್ಲ. ಕಾರು ಈಗ ಹೇಳಿದ ಜಾಗದಲ್ಲಿ, ಸದ್ದಿಲ್ಲದೆ, ನಡುಗದೆ ನಿಲ್ಲುತ್ತದೆ. ಹಿಂದಿನ ಚಕ್ರದ ಪ್ಯಾಡುಗಳು ಇನ್ನೂ ಅರ್ಧ ಉಳಿದಿವೆ. ಅವನ್ನು ಬದಲಾಯಿಸುವ ದಿನ ಮುಂಚೆಯೇ ತಿಳಿಸಬೇಕಂತೆ, ಮಾವನವರು ಬಸ್ಸಿಗೆ ಹೋಗುತ್ತಾರಂತೆ.