ಎ ಖಾತಾ ಮಾರಿಯೋ, ಬಿ ಖಾತಾ ಮಾರಿಯೋ

ಬೆಂಗಳೂರಿನಲ್ಲಿ ಸೈಟು ಕೊಳ್ಳುವ ಯೋಗವಿಲ್ಲದವರು ಈಗ ಹಳೆಯ ವಿಡಿಯೋ ಗೇಮ್ ಕ್ಯಾಸೆಟ್ಟು ಕೊಳ್ಳುತ್ತಿದ್ದಾರೆ. ವ್ಯವಹಾರದ ಧಾಟಿಯೇನೂ ಬದಲಾಗಿಲ್ಲ. ಮಾರುವವರು, "ನಿನ್ನೆಯೇ ಒಂದು ಪಾರ್ಟಿ ನೋಡಿಕೊಂಡು ಹೋಗಿದೆ, ಸಂಜೆಯೊಳಗೆ ತಿಳಿಸುತ್ತೇವೆ ಎಂದಿದ್ದಾರೆ" ಎನ್ನುತ್ತಾರೆ. ಕೊಳ್ಳುವವರು ದಾಖಲೆ ಕೇಳುತ್ತಾರೆ. ಕೊರೊನಾಗಿಂತ ಮುಂಚೆ ಇದ್ದ ಬೆಲೆಯನ್ನು ನೆನೆದು ಇಬ್ಬರೂ ನಿಟ್ಟುಸಿರು ಬಿಡುತ್ತಾರೆ. ಮುಂಗಡ ಕೈಬದಲಾಗುತ್ತದೆ.

ಇಲ್ಲಿ ದಾಖಲೆಯೆಂದರೆ ಕಾಗದಪತ್ರವಲ್ಲ, ಕ್ಯಾಸೆಟ್ಟಿನ ಹೊಟ್ಟೆಯನ್ನೇ ಬಿಚ್ಚಿ ತೋರಿಸಬೇಕು. ಜಪಾನಿನ ನಿಂಟೆಂಡೋ ಕಂಪನಿಯ ಹಳೆಯ ಕ್ಯಾಸೆಟ್ಟುಗಳಲ್ಲಿ ಬಹುಪಾಲಿನ ಸ್ಕ್ರೂಗಳು ಮನೆಯ ಸ್ಕ್ರೂಡ್ರೈವರಿಗೆ ಜಗ್ಗುವುದಿಲ್ಲ, ಅದಕ್ಕೆಂದೇ 3.8 ಮಿಲಿಮೀಟರಿನ ಬೇರೊಂದು ಬಿಟ್ ಬರುತ್ತದೆ. ಸಂಗ್ರಾಹಕ ಮಹಾಶಯರು ಅದನ್ನು ಜೇಬಿನಲ್ಲಿಟ್ಟುಕೊಂಡೇ ಓಡಾಡುತ್ತಾರೆ. ಬಿಚ್ಚಿ, ಮೊಬೈಲಿನ ಟಾರ್ಚ್ ಹಾಕಿ, ಉಸಿರು ಬಿಗಿಹಿಡಿದು ಬಗ್ಗುತ್ತಾರೆ. ಹಸಿರು ಹಲಗೆಯ ಮೇಲೆ ನಿಂಟೆಂಡೋ ಎಂಬ ಅಚ್ಚು, ಪಕ್ಕದಲ್ಲಿ ಇಸವಿ, ಸಾಲಾಗಿ ಕಾಲೂರಿ ನಿಂತ ಚಿಪ್‌ಗಳು ಕಂಡರೆ ಮುಖ ಅರಳುತ್ತದೆ. ಚಿಪ್‌ನ ಜಾಗದಲ್ಲಿ ಕರಿ ಅಂಟಿನ ಗುಡ್ಡೆಯೊಂದು ಕುಳಿತಿದ್ದರೆ ಮುಗಿಯಿತು, ಅದು ರೀಪ್ರೋ, ಅಂದರೆ ಈಚೆಗೆ ತಯಾರಾದ ನಕಲು. ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್ ಅಡ್ವಾನ್ಸ್‌ನ ಕ್ಯಾಸೆಟ್ಟಾದರೆ ಲೇಬಲನ್ನು ಬೆಳಕಿಗೆ ಓರೆಯಾಗಿ ಹಿಡಿದು, ಅದರಲ್ಲಿ ಒತ್ತಿದ ಎರಡು ಅಂಕಿಗಳಿವೆಯೇ ಎಂದು ಹುಡುಕುತ್ತಾರೆ. ಹೆಣ್ಣು ನೋಡಲು ಹೋದಾಗಲೂ ಇವರು ಇಷ್ಟು ಹತ್ತಿರದಿಂದ ನೋಡಿರಲಿಕ್ಕಿಲ್ಲ.

ಮಾರಿಯೋ ಆಟವನ್ನು ಟಿವಿಗೆ ಸಿಕ್ಕಿಸಿದರೆ ಅಸಲಿ, ರೀಪ್ರೋ ಎರಡೂ ಒಂದೇ. ಅದೇ ಇಟ್ಟಿಗೆ, ಗುದ್ದಿದರೆ ಅದೇ ಅಣಬೆ, ಕೊನೆಯಲ್ಲಿ ರಾಜಕುಮಾರಿ ಬೇರೆ ಕೋಟೆಯಲ್ಲಿದ್ದಾಳೆಂಬ ಅದೇ ಸುದ್ದಿ. ಪಾಲಿಕೆಯ ಪುಸ್ತಕದಲ್ಲಿ ನಿಯಮಬದ್ಧ ಆಸ್ತಿಗೆ ಎ ಖಾತಾ, ನಿಯಮಕ್ಕೆ ಹೊರತಾದದ್ದಕ್ಕೆ ಬಿ ಖಾತಾ. ಬಿ ಖಾತಾ ಮನೆಯಲ್ಲೂ ಫ್ಯಾನು ತಿರುಗುತ್ತದೆ, ಹಾಲು ಉಕ್ಕುತ್ತದೆ. ಬಹುಪಾಲು ಬ್ಯಾಂಕಿನವರು ಮಾತ್ರ ಅದನ್ನು ಮನೆಯೆಂದು ಒಪ್ಪುವುದಿಲ್ಲ. ರೀಪ್ರೋ ಮಾರಿಯೋನ ಪಾಡೂ ಅಷ್ಟೆ. (ಬಿ ಖಾತಾವನ್ನು ಎ ಖಾತಾ ಎಂದು ಹೇಳಿ ಮಾರುವವನು ಮೋಸಗಾರನೇ, ಅದರಲ್ಲಿ ಎರಡು ಮಾತಿಲ್ಲ. ಇನ್ನೂರು ರೂಪಾಯಿಯ ಮಾಲಿಗೆ ಇಪ್ಪತ್ತು ಸಾವಿರ ಕಿತ್ತವನ ಪರವಾಗಿ ನಾನು ವಕಾಲತ್ತು ವಹಿಸುತ್ತಿಲ್ಲ.)

ಬ್ಯಾಟರಿಯ ವಿಷಯ ಇನ್ನೂ ಸೊಗಸಾಗಿದೆ. ಮೊದಮೊದಲ ಪೋಕೆಮಾನ್ ಕ್ಯಾಸೆಟ್ಟುಗಳು ಆಟಗಾರನ ಪ್ರಗತಿಯನ್ನು ನೆನಪಿಟ್ಟುಕೊಳ್ಳುತ್ತಿದ್ದುದು ಗುಂಡಿಯಷ್ಟಿರುವ ಬ್ಯಾಟರಿಯ ಬಲದಿಂದ. ಈಗ ಅವುಗಳಲ್ಲಿ ಹಲವು ಸತ್ತಿವೆ, ಆಡಿದ್ದೆಲ್ಲ ಮಾಯ. ಹೊಸದನ್ನು ಹಾಕೋಣವೆಂದರೆ ಕಾರ್ಖಾನೆಯ ಮೂಲ ಬೆಸುಗೆ ಹಾಳಾಗಿ ಬೆಲೆ ಇಳಿಯುತ್ತದಂತೆ. ಹೀಗಾಗಿ ಏನನ್ನೂ ನೆನಪಿಡದ ಅಸಲಿಗೆ ಗಾಜಿನ ಕಪಾಟು, ಎಲ್ಲವನ್ನೂ ನೆನಪಿಡುವ ನಕಲಿಗೆ ಛೀಮಾರಿ.

ಅಮೆರಿಕದವರು ಇದನ್ನು ಇನ್ನೊಂದು ಮಜಲಿಗೆ ಒಯ್ದಿದ್ದಾರೆ. ಅಲ್ಲಿ ಸೀಲು ಒಡೆಯದ ಡಬ್ಬಿಗೆ ಅಂಕ ಕೊಟ್ಟು, ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ಬಂಧಿಸಿ ಕೊಡುವ ಸಂಸ್ಥೆಗಳಿವೆ. 2021ರ ಜುಲೈನಲ್ಲಿ ಹಾಗೆ 9.8 ಅಂಕ ಪಡೆದ 'ಸೂಪರ್ ಮಾರಿಯೋ 64' ಒಂದು 15.6 ಲಕ್ಷ ಡಾಲರಿಗೆ ಹರಾಜಾಯಿತು. ಆಗಿನ ಲೆಕ್ಕದಲ್ಲಿ ಹನ್ನೊಂದು ಕೋಟಿ ರೂಪಾಯಿಗೂ ಮಿಗಿಲು. ಜಗತ್ತಿನಲ್ಲಿ ಒಂದು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾದ ಆಟವದು, ಎಲ್ಲೂ ಸಿಗದ ಅಪೂರ್ವ ವಸ್ತುವೇನಲ್ಲ. ಮರುತಿಂಗಳೇ 1985ರ 'ಸೂಪರ್ ಮಾರಿಯೋ ಬ್ರದರ್ಸ್' 20 ಲಕ್ಷ ಡಾಲರ್ ಮುಟ್ಟಿತು. ಹಣ ಕೊಟ್ಟವರು ಕೊಂಡದ್ದು ಆಟವನ್ನಲ್ಲ, ಆಟ ಆಡದಿರುವ ಹಕ್ಕನ್ನು. ಅಂದಿನಿಂದ ನಮ್ಮ ಕಡೆಯ ಅಟ್ಟಗಳಲ್ಲಿ ಧೂಳು ತಿನ್ನುತ್ತಿದ್ದ ರಟ್ಟಿನ ಪೆಟ್ಟಿಗೆಗಳಿಗೂ ರೆಕ್ಕೆ ಬಂದಿದೆ. ಅಸಲಿಗೆ ಬೆಲೆ ಏರಿತೆಂದು ನಕಲು ಹೆಚ್ಚುತ್ತದೆ; ನಕಲು ಹೆಚ್ಚಿತೆಂದು ಅಸಲಿಗೆ ಬೆಲೆ ಏರುತ್ತದೆ.

ಇಷ್ಟಕ್ಕೂ ಈ ಊರಿನವರಿಗೆ ಅಸಲಿಯ ಪರಿಚಯವಾದದ್ದಾದರೂ ಯಾವಾಗ? ತೊಂಬತ್ತರ ದಶಕದಲ್ಲಿ ನಮ್ಮ ಟಿವಿಗಳಿಗೆ ಸಿಕ್ಕಿಸಿದ ಪೆಟ್ಟಿಗೆಗಳಲ್ಲಿ ಬಹುಪಾಲು ತೈವಾನ್, ಚೀನಾ ಕಡೆಯ ನಕಲು. ಹಳದಿ ಕ್ಯಾಸೆಟ್ಟಿನ ಮೇಲೆ '9999 ಇನ್ 1' ಎಂದು ಬರೆದಿರುತ್ತಿತ್ತು. ಒಳಗೆ ಇರುತ್ತಿದ್ದ ಬೆರಳೆಣಿಕೆಯ ಆಟಗಳೇ ಹೆಸರು ಬದಲಿಸಿಕೊಂಡು ಪುಟಪುಟವೂ ಬರುತ್ತಿದ್ದವು. ಬಿಚ್ಚಿದ್ದರೆ ಅದೇ ಕರಿ ಅಂಟಿನ ಗುಡ್ಡೆ. ಆಗ ಯಾರೂ ಬಿಚ್ಚಲಿಲ್ಲ. ಬೇಸಿಗೆ ರಜೆಯಲ್ಲಿ ದಿನಬಾಡಿಗೆಗೆ ತಂದು, ಬೀದಿಯ ಹುಡುಗರೆಲ್ಲ ಸರದಿಯಲ್ಲಿ ಕೂತು ಕಾಂಟ್ರಾ ಆಡಿದರು. ಅದೇ ಹುಡುಗರು ಈಗ ಹೊಟ್ಟೆ ಬಂದು, ಸಾಲದ ಕಂತು ಕಟ್ಟುತ್ತಾ, ರೀಪ್ರೋ ಎಂದರೆ ಮೂಗು ಮುರಿಯುತ್ತಾರೆ.

ಚಿಕ್ಕಪೇಟೆಯ ಭಾನುವಾರದ ಚೋರ್ ಬಜಾರಿನಲ್ಲಿ ಅಂಥ ಹಳದಿ ಕ್ಯಾಸೆಟ್ಟಿಗೂ ಈಗ ಗಿರಾಕಿಯುಂಟು.

"ಅಣ್ಣ, ಇದು ಒರಿಜಿನಲ್ಲಾ?"

"ಒರಿಜಿನಲ್ ಡೂಪ್ಲಿಕೇಟ್ ಸರ್. ಆಗಿನ ಕಾಲದ್ದು. ಈಗ ಬರುವುದೆಲ್ಲ ಇದರ ಡೂಪ್ಲಿಕೇಟ್."

ಗಿರಾಕಿ ಅರ್ಥವಾದವರಂತೆ ತಲೆಯಾಡಿಸಿ, ಜೇಬಿನಿಂದ ಬಿಟ್ ತೆಗೆಯುತ್ತಾರೆ. ಕರಿ ಗುಡ್ಡೆಯ ಮೇಲೆ ಸಾಕಷ್ಟು ಹಳೆಯ ಧೂಳಿದೆಯೇ ಎಂದು ಪರೀಕ್ಷೆ ನಡೆಯುತ್ತದೆ.

ಈ ಅರಾಜಕತೆಗೆ ಪಾಲಿಕೆಯೇ ಮದ್ದು ಅರೆಯಬೇಕು. ಅಸಲಿಗೆ ಎ ಖಾತಾ, ರೀಪ್ರೋಗೆ ಬಿ ಖಾತಾ, ತೊಂಬತ್ತರ ದಶಕದ ನಕಲುಗಳಿಗೆ ಅಕ್ರಮ–ಸಕ್ರಮ. ದಂಡ ಕಟ್ಟಿದವರ ಕರಿ ಗುಡ್ಡೆಯನ್ನು ಚಿಪ್ ಎಂದು ಪರಿಗಣಿಸಿ ಪ್ರಮಾಣಪತ್ರ ಕೊಡಬಹುದು. ವಾರ್ಡುವಾರು ಖಾತಾ ಮೇಳ ನಡೆಯಲಿ. ಅರ್ಜಿದಾರರು ಕ್ಯಾಸೆಟ್ಟಿನೊಂದಿಗೆ ಖುದ್ದಾಗಿ ಹಾಜರಾಗತಕ್ಕದ್ದು. ಬಾಯಿಂದ ಊದಿ ತರುವಂತಿಲ್ಲ, ಧೂಳೇ ಸಾಕ್ಷ್ಯ. ಒಂದು ಆಟವನ್ನು 9999 ಎಂದು ತೋರಿಸಿದವರ ಮೇಲೆ ಮಂಜೂರಾದ ನಕ್ಷೆ ಮೀರಿ ಮಹಡಿ ಏರಿಸಿದ ಪ್ರಕರಣ ದಾಖಲಾಗಲಿ. ಸೀಲು ಒಡೆಯದ ಡಬ್ಬಿಗಳಿಗೆ ತಪಾಸಣೆಯಿಂದ ವಿನಾಯಿತಿ ಇರಲಿ, ತೆರಿಗೆಯಿಂದ ಬೇಡ. ಒಳಗೆ ಕ್ಯಾಸೆಟ್ಟೇ ಇಲ್ಲವೆಂದು ಮುಂದೊಂದು ದಿನ ಗೊತ್ತಾದಲ್ಲಿ, ಸದರಿ ಡಬ್ಬಿಯನ್ನು ಖಾಲಿ ನಿವೇಶನವೆಂದು ಪರಿಗಣಿಸಿ ತೆರಿಗೆ ವಸೂಲಿ ಮುಂದುವರಿಸಲಾಗುವುದು.