ಒಂದು ಪದ ಹುಡುಕೋಕೆ ಇಷ್ಟು ಗೋಳಾ?

ಡೇಟಾಬೇಸ್‌ನಲ್ಲಿ ರೆಜೆಕ್ಸ್ (ಪದದ ಮಾದರಿ ಕೊಟ್ಟು ಹುಡುಕೋ ಸಂಕೇತ) ಹಾಕಿ ಹುಡುಕೋದು ಸುಲಭ ಅನ್ನೋರನ್ನು ಒಂದು ದಿನ ನಮ್ಮ ಆಫೀಸಿನಲ್ಲಿ ಕೂರಿಸಬೇಕು.

ನಮ್ಮದು ಮೈಎಸ್‌ಕ್ಯೂಎಲ್ ಅನ್ನೋ ಡೇಟಾಬೇಸ್, ಅದರ ಹಳೇ 5.7 ಆವೃತ್ತಿ. ಒಂದೇ ಟೇಬಲ್‌ನಲ್ಲಿ ಕನ್ನಡ, ಹಿಂದಿ, ತಮಿಳು ಹೆಸರುಗಳು. ಕನ್ನಡದವು ಮಾತ್ರ ಬೇಕು ಅಂತ [ಅ-ಹ], ಅಂದ್ರೆ ಅ ಇಂದ ಹ ವರೆಗಿನ ಯಾವುದಾದರೂ ಅಕ್ಷರ, ಅಂತ ಕೊಟ್ಟರೆ ಮೂರೂ ಭಾಷೆ ಮೆರವಣಿಗೆ ಬರುತ್ತವೆ! ಯಾಕೆ ಅಂದ್ರೆ ಅದರ ರೆಜೆಕ್ಸ್ ಎಂಜಿನ್‌ಗೆ ಅಕ್ಷರ ಗೊತ್ತಿಲ್ಲ, ಬೈಟ್ ಮಾತ್ರ ಗೊತ್ತು. ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟುಗಳಾಗಿ ಇಡೋ ಪದ್ಧತಿ) ನಮ್ಮ ಒಂದೊಂದು ಅಕ್ಷರಕ್ಕೂ 3 ಬೈಟ್, ಹಾಗಾಗಿ ಅದು 'ಅ'ದ ಕೊನೇ ಬೈಟಿನಿಂದ 'ಹ'ದ ಮೊದಲ ಬೈಟಿನವರೆಗೆ ಅಂತ ಓದಿಕೊಳ್ಳುತ್ತದೆ, ಆ ನಡುವೆ ಹಿಂದಿ, ತಮಿಳು ಎಲ್ಲ ಆರಾಮಾಗಿ ಹಿಡಿಸುತ್ತವೆ. ರೆಜೆಕ್ಸ್‌ನಲ್ಲಿ ಒಂದು ಚುಕ್ಕಿ ಅಂದ್ರೆ ಯಾವುದಾದರೂ ಒಂದು ಅಕ್ಷರ, ^ ಅಂದ್ರೆ ಆರಂಭ, $ ಅಂದ್ರೆ ಕೊನೆ; ಆದರೆ ಇಲ್ಲಿ ಬರೀ 'ಕ' ಹಿಡಿಯೋಕೆ ಮೂರು ಚುಕ್ಕಿ ಇಡಬೇಕು, ^...$ ಅಂತ.

ಸರಿ, ಹೊಸ ಆವೃತ್ತಿ 8.0ಗೆ ಹೋದೆವು. ಅಲ್ಲಿ ಎಂಜಿನ್ ಬದಲಾಗಿದೆ, ಬೈಟ್ ಕಾಟ ತಪ್ಪಿತು. ಆದರೂ 'ಸ್ತ್ರೀ'ಗೆ ಆರು ಚುಕ್ಕಿ ಬೇಕು, ಒತ್ತು ದೀರ್ಘ ಎಲ್ಲ ಬಿಡಿಬಿಡಿ ಲೆಕ್ಕ. ಹೋಗಲಿ ಬಿಡಿ, ಅದು ಯೂನಿಕೋಡ್ ಸಂಸಾರ. ಆದರೆ ಪದದ ಅಂಚು ಹಿಡಿಯೋಕೆ ಹಾಕಿದ್ದ [[:<:]] ಇದ್ದ ಕ್ವೆರಿಗಳೆಲ್ಲ (ಡೇಟಾಬೇಸ್‌ಗೆ ಕೊಡೋ ಹುಡುಕಾಟದ ಆದೇಶಗಳು) ಒಂದೇ ಸಲ ಎರರ್! ಈಗ ಬ್ಯಾಕ್‌ಸ್ಲ್ಯಾಶ್ ಬಿ ಅಂತೆ, ಅದೂ ಸ್ಲ್ಯಾಶ್ ಎರಡು ಸಲ.

ಅದನ್ನೇ ಪೋಸ್ಟ್‌ಗ್ರೆಸ್ ಅನ್ನೋ ಇನ್ನೊಂದು ಡೇಟಾಬೇಸ್‌ಗೆ ಒಯ್ದರೆ ಅಲ್ಲಿ ಬ್ಯಾಕ್‌ಸ್ಲ್ಯಾಶ್ ಬಿ ಅಂದ್ರೆ ಬ್ಯಾಕ್‌ಸ್ಪೇಸ್ ಕೀ! ಎರರ್ ಕೊಟ್ಟಿದ್ರೂ ಪುಣ್ಯ, ಅದು ಸುಮ್ನೆ ಸೊನ್ನೆ ಸಾಲು ಕೊಟ್ಟು ಕೂತಿರುತ್ತದೆ, ನಾವು ಡೇಟಾ ಎಲ್ಲಿ ಹೋಯ್ತು ಅಂತ ತಲೆ ಕೆಡಿಸಿಕೊಳ್ಳಬೇಕು. ಅಲ್ಲಿ ಬೇಕಾಗಿದ್ದು ಬ್ಯಾಕ್‌ಸ್ಲ್ಯಾಶ್ ವೈ. ಯಾಕೆ ವೈ? ಯಾರಿಗೆ ಗೊತ್ತು! ಒರಾಕಲ್‌ನಲ್ಲಿ ಎರಡೂ ಇಲ್ಲ. ಎಸ್‌ಕ್ಯೂಲೈಟ್‌ನದ್ದು ಇನ್ನೂ ಚೆಂದ: ರೆಜೆಕ್ಸ್‌ಪಿ (REGEXP) ಅನ್ನೋ ಪದ ಇದೆ, ಅದರ ಕೆಲಸ ಮಾಡೋ ಫಂಕ್ಷನ್ ನೀವೇ ಬರೆದು ಜೋಡಿಸಬೇಕು. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಅಂದ್ರೆ ಇದೇ ಅಲ್ವಾ?

ಇಷ್ಟೆಲ್ಲ ಮಾಡಿ ಕ್ವೆರಿ ಸರಿಯಾಗಿ ಓಡಿದರೆ ಮೇಲಿನವರು ಬಂದು "ಇಂಡೆಕ್ಸ್ ಹಾಕಿದೀವಲ್ಲ, ಯಾಕೆ ಸ್ಲೋ?" ಅಂತಾರೆ. ಸ್ವಾಮಿ, ಮೈಎಸ್‌ಕ್ಯೂಎಲ್‌ನಲ್ಲಿ ರೆಜೆಕ್ಸ್ ಆ ಇಂಡೆಕ್ಸ್ (ಬೇಗ ಹುಡುಕೋಕೆ ಇಟ್ಟ ಪಟ್ಟಿ) ಕಡೆ ತಿರುಗಿಯೂ ನೋಡಲ್ಲ, ಇದ್ದಬದ್ದ ಸಾಲೆಲ್ಲ ಓದುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಾದರೆ ಮೂರು ಮೂರು ಅಕ್ಷರದ ತುಂಡು ಮಾಡಿಟ್ಟುಕೊಳ್ಳೋ ಟ್ರೈಗ್ರಾಮ್ ಇಂಡೆಕ್ಸ್ ಇದೆ, ಹಾಕೋಣ ಅಂದೆ. "ಮುಂದಿನ ಕ್ವಾರ್ಟರ್ ನೋಡೋಣ" ಅಂದ್ರು.