ಚಾರ್ಲಿ ಬ್ರೌನ್‌ನನ್ನು ನೋಡಲು ಕಾರ್ಡ್ ನಂಬರ್ ಬೇಕಂತೆ

ನಿನ್ನೆ ಮೊಮ್ಮಗಳಿಗೆ ತೋರಿಸೋಣವೆಂದು ‘ಎ ಚಾರ್ಲಿ ಬ್ರೌನ್ ಕ್ರಿಸ್‌ಮಸ್’ ಎಂಬ ಹಳೆಯ ಅಮೆರಿಕನ್ ಟಿವಿ ಕಾರ್ಟೂನ್ ಹುಡುಕಿದರೆ, ಪರದೆಯ ಮೇಲೆ ಎದುರಾದದ್ದು ಚಂದಾ ಕಟ್ಟಲು ಕ್ರೆಡಿಟ್ ಕಾರ್ಡ್ ಸಂಖ್ಯೆ ಕೇಳುವ ಪುಟ. ಹಬ್ಬವೆಲ್ಲ ವ್ಯಾಪಾರವಾಗಿಬಿಟ್ಟಿತಲ್ಲ ಎಂದು ಕೊರಗುವ ಹುಡುಗನ ಕಥೆ ನೋಡಬೇಕಾದರೆ ಮೊದಲು ವ್ಯಾಪಾರ ಮುಗಿಸಬೇಕು! ಇದರ ವ್ಯಂಗ್ಯ ಆ ಸ್ಟ್ರೀಮಿಂಗ್ ಕಂಪನಿಯಲ್ಲಿ ಯಾರಿಗೂ ಹೊಳೆಯಲಿಲ್ಲವೋ, ಹೊಳೆದೂ ಸುಮ್ಮನಿದ್ದಾರೋ.

ನಾನು ಕ್ರಿಸ್‌ಮಸ್ ಆಚರಿಸುವವನಲ್ಲವೆಂಬುದು ನಿಮಗೆಲ್ಲ ಗೊತ್ತು. ಆದರೆ ಎಂಬತ್ತರ ದಶಕದಲ್ಲಿ ನ್ಯೂಜೆರ್ಸಿಗೆ ಓದಲು ಬಂದವನಿಗೆ, ಡಿಸೆಂಬರಿನಲ್ಲಿ ಊರಿಗೆ ಊರೇ ಬಾಗಿಲು ಹಾಕಿಕೊಂಡು ಕುಳಿತಾಗ, ಆ ಮನೆಗಳೊಳಗೆ ಏನು ನಡೆಯುತ್ತಿದೆ ಎಂದು ತೋರಿಸಿದ್ದು ಯಾರೋ ಬಿಟ್ಟುಹೋಗಿದ್ದ ಹಳೆಯ ಟಿವಿ. ಆ್ಯಂಟೆನಾ ತಿರುಗಿಸಿದರೆ ಸಾಕು, ಕ್ರಿಸ್‌ಮಸ್‌ನ ಟಿವಿ ಕಾರ್ಯಕ್ರಮಗಳಾದ 1964ರ ರುಡಾಲ್ಫ್, 1965ರ ಚಾರ್ಲಿ ಬ್ರೌನ್, 1966ರ ಗ್ರಿಂಚ್ ವರ್ಷಕ್ಕೊಮ್ಮೆ ತಪ್ಪದೆ ಬರುತ್ತಿದ್ದರು. ಮರುದಿನ ಲ್ಯಾಬಿನಲ್ಲಿ ಅದೇ ಮಾತು. ಆ ಮಾತಿನಲ್ಲಿ ನನಗೂ ಪಾಲಿರುತ್ತಿತ್ತು.

ಚಾರ್ಲಿ ಬ್ರೌನ್ ಅದನ್ನು ಪ್ರಸಾರ ಮಾಡಿದ ಸಿಬಿಎಸ್ ಟಿವಿ ಜಾಲದ ಅಧಿಕಾರಿಗಳಿಗೆ ಹಿಡಿಸಿರಲಿಲ್ಲ. ಕೃತಕ ನಗೆಯ ಸದ್ದಿಲ್ಲ, ಮಕ್ಕಳ ಪಾತ್ರಗಳಿಗೆ ಮಕ್ಕಳದೇ ದನಿ, ಹಿನ್ನೆಲೆಗೆ ವಿನ್ಸ್ ಗುರಾಲ್ಡಿಯ ಜಾಜ್, ಸಾಲದ್ದಕ್ಕೆ ಚಾರ್ಲಿಯ ಗೆಳೆಯ ಲೈನಸ್ ರಂಗದ ನಡುವೆ ನಿಂತು ಬೈಬಲ್‌ನ ಲೂಕನ ಸುವಾರ್ತೆ ಹೇಳುತ್ತಾನೆ. ಆದರೆ 1965ರ ಡಿಸೆಂಬರ್ 9ರ ರಾತ್ರಿ ಟಿವಿ ಹಾಕಿದ್ದ ಮನೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಅದನ್ನೇ ನೋಡಿದವು. ಐದು ದಶಕ ದಾಟಿದ ಮೇಲೆ, 2020ರಲ್ಲಿ, ಅದು ಸ್ಟ್ರೀಮಿಂಗ್ ಪಾಲಾಯಿತು. ಜನ ಸಿಟ್ಟಾದದ್ದರಿಂದ ಆ ವರ್ಷವೂ ಮುಂದಿನ ವರ್ಷವೂ ಸಾರ್ವಜನಿಕ ವಾಹಿನಿ ಪಿಬಿಎಸ್‌ನಲ್ಲಿ ತೋರಿಸಿದರು, ಆಮೇಲೆ ಅದೂ ನಿಂತಿತು. ಈಗ ಡಿಸೆಂಬರಿನಲ್ಲಿ ಒಂದೆರಡು ದಿನ ಪುಕ್ಕಟೆ ದರ್ಶನ ಕರುಣಿಸುತ್ತಾರೆ.

‘ಇಟ್ಸ್ ಎ ವಂಡರ್‌ಫುಲ್ ಲೈಫ್’ ಕಥೆ ಇನ್ನೂ ಸ್ವಾರಸ್ಯವಾದದ್ದು. 1946ರಲ್ಲಿ ಬಂದಾಗ ಹಾಕಿದ ದುಡ್ಡನ್ನೂ ಹುಟ್ಟಿಸದ ಆ ಸಿನಿಮಾದ ಕೃತಿಸ್ವಾಮ್ಯವನ್ನು 1974ರಲ್ಲಿ ಯಾರೋ ನವೀಕರಿಸಲು ಮರೆತರು. ಕಾಸು ಕೊಡಬೇಕಿಲ್ಲವೆಂದು ಸಣ್ಣಪುಟ್ಟ ಸ್ಟೇಷನ್‌ಗಳೆಲ್ಲ ಅದನ್ನು ಹಗಲೂ ರಾತ್ರಿ ಹಾಕಿದವು, ಜನ ನೋಡಿ ನೋಡಿ ಅದು ಹಬ್ಬದ ಸಿನಿಮಾ ಆಯಿತು. ಸಂಪ್ರದಾಯ ಹುಟ್ಟಿದ್ದೇ ಬೇಲಿ ಇಲ್ಲದಿದ್ದುದರಿಂದ. ನ್ಯೂಯಾರ್ಕಿನ ಡಬ್ಲ್ಯುಪಿಐಎಕ್ಸ್ ಟಿವಿ ಸ್ಟೇಷನ್ ಅಂತೂ 1966ರ ಕ್ರಿಸ್‌ಮಸ್ ಮುನ್ನಾದಿನ, ಅಗ್ಗಿಷ್ಟಿಕೆಯಿಲ್ಲದ ಅಪಾರ್ಟ್‌ಮೆಂಟಿನವರಿಗೆಂದು, ಜಾಹೀರಾತನ್ನೂ ಬಿಟ್ಟು ಉರಿಯುವ ಕೊರಡೊಂದನ್ನೇ ಗಂಟೆಗಟ್ಟಲೆ ತೋರಿಸಿತು. ಇಂದಿನ ಲೆಕ್ಕಿಗರು ಕೇಳಿದರೆ ಮೂರ್ಛೆ ಹೋದಾರು.

“ಅಪ್ಪ, ಚಾರ್ಲಿ ಬ್ರೌನ್‌ಗೆ ದುಡ್ಡು ಹಾಕಿದ್ದೇ ಕೋಕಾ-ಕೋಲಾ, ಆಗ ಮಾತ್ರ ಅದು ಧರ್ಮಕಾರ್ಯವಾಗಿತ್ತೇ?” ಎಂದು ಮಗ ಕೇಳಿದ. ಒಪ್ಪಿದೆ. ಆದರೆ ಕೋಲಾದವರು ಬಯಸಿದ್ದು ನಾವು ಒಂದೆರಡು ನಿಮಿಷ ಜಾಹೀರಾತು ನೋಡಲೆಂದು ಮಾತ್ರ. ನೋಡುತ್ತಲೇ ನಾನು ಅಡುಗೆಮನೆಗೆ ಹೋಗಿ ಚಹಾ ಇಟ್ಟು ಬರಬಹುದಿತ್ತು. ಬೇಕೆಂದಾಗ ನೋಡಬಹುದಲ್ಲ ಎಂಬ ಅವನ ಇನ್ನೊಂದು ವಾದಕ್ಕೆ ಉತ್ತರ ಕೊಡುವ ತಾಳ್ಮೆ ನನಗಿಲ್ಲ. ಬೇಕೆಂದಾಗ ನೋಡಬಹುದಾದ್ದರಿಂದಲೇ ಅವನು ಇನ್ನೂ ಅದನ್ನು ನೋಡಿಲ್ಲ.

ಚಂದಾ ಕಟ್ಟುವ ಯೋಗ್ಯತೆ ನನಗಿದೆ, ಕಟ್ಟುವುದಿಲ್ಲ. ನ್ಯೂಜೆರ್ಸಿಯ ಎಡಿಸನ್ ಸುತ್ತಮುತ್ತ ಇರುವ ಗೆಳೆಯರಲ್ಲಿ ಯಾರ ಬಳಿಯಾದರೂ ಡಿವಿಡಿ ಇದ್ದರೆ ದಯವಿಟ್ಟು ತಿಳಿಸಿ. ಪ್ಲೇಯರ್ ನನ್ನ ಬಳಿ ಇದೆ, ಮಗ ಎಸೆಯಲು ಹೊರಟಿದ್ದಾಗ ತಡೆದಿಟ್ಟುಕೊಂಡದ್ದು.